ಬಾವಿಗೆ ಮಣ್ಣು ತುಂಬಿದವರು ಯಾರು?



2024ರ ಮಾರ್ಚ್ 30ರ ರಾತ್ರಿ. ಬೆಂಗಳೂರಿನ ಅಂಚಿನಲ್ಲಿರುವ ಧರ್ಮಕೇಂದ್ರವೊಂದರಲ್ಲಿ ಪಾಸ್ಖ ಜಾಗರಣೆಯ ಬಲಿಪೂಜೆಯನ್ನು ಅರ್ಪಿಸಲು ಹೋಗಿದ್ದೆ. ಹೊಸ ಬೆಂಕಿಯ ಆಶೀರ್ವಾದ ಮುಗಿದು, ವಾಚನಗಳು ಮುಗಿದು, ನೀರನ್ನು ಪವಿತ್ರೀಕರಿಸುವ ವಿಧಿಗೆ ಬಂದೆವು. ಪೀಠದ ಮುಂದೆ ಇರಿಸಿದ್ದ ದೊಡ್ಡ ಪಾತ್ರೆ ಖಾಲಿಯಾಗಿತ್ತು. ಮೂರು ದಿನಗಳಿಂದ ಟ್ಯಾಂಕರ್ ಬಂದಿರಲಿಲ್ಲ, ದೇವಾಲಯದ ಕೊಳವೆಬಾವಿ ಫೆಬ್ರವರಿಯಲ್ಲೇ ಬತ್ತಿತ್ತು. ದೇವಾಲಯದ ಸೇವಕರು ಅಂಗಡಿಯಿಂದ ತಂದಿದ್ದ ಇಪ್ಪತ್ತು ಲೀಟರಿನ ಎರಡು ಕ್ಯಾನುಗಳ ಪ್ಲಾಸ್ಟಿಕ್ ಮುಚ್ಚಳ ಕಿತ್ತು ಪಾತ್ರೆಗೆ ಸುರಿದರು. ಸೃಷ್ಟಿಯ ಆದಿಯಲ್ಲಿ ಜಲರಾಶಿಯ ಮೇಲೆ ಚಲಿಸಿದ ದೇವರಾತ್ಮನನ್ನೂ, ಇಸ್ರಯೇಲರು ದಾಟಿದ ಕೆಂಪು ಸಮುದ್ರವನ್ನೂ, ಯೇಸುಸ್ವಾಮಿ ಮುಳುಗೆದ್ದ ಜೋರ್ಡನ್ ನದಿಯನ್ನೂ ಸ್ಮರಿಸುತ್ತಾ ಆ ಕ್ಯಾನಿನ ನೀರಿನ ಮೇಲೆ ನಾನು ಕೈಚಾಚಿ ಪ್ರಾರ್ಥಿಸಿದೆ. ಪೂಜೆಯ ಬಳಿಕ ತೀರ್ಥಕ್ಕೆಂದು ಜನ ಬಾಟಲಿ ಹಿಡಿದು ಸಾಲುಗಟ್ಟಿದಾಗ, ಒಂದು ಮನೆಗೆ ಒಂದೇ ಬಾಟಲಿ ಎಂದು ಸೇವಕರು ಕೈಮುಗಿದು ಕೇಳಿಕೊಳ್ಳಬೇಕಾಯಿತು.

ಆ ರಾತ್ರಿ ನನಗೆ ನಿದ್ರೆ ಬರಲಿಲ್ಲ. ಹಣ ಕೊಟ್ಟು ಕೊಂಡ ನೀರಿನಲ್ಲಿ ಜ್ಞಾನಸ್ನಾನ ನೀಡಿದರೆ ಸಂಸ್ಕಾರಕ್ಕೆ ಯಾವ ಕುಂದೂ ಇಲ್ಲ, ಅದು ನನಗೆ ಗೊತ್ತು. ಕುಂದು ಇರುವುದು ನಮ್ಮಲ್ಲಿ. ದೇವರು ಆಕಾಶದಿಂದ ಬಿಟ್ಟಿಯಾಗಿ ಸುರಿಸುವುದನ್ನು ಕಾಪಾಡಿಕೊಳ್ಳಲಾರದೆ ಅಂಗಡಿಯಲ್ಲಿ ಕೊಳ್ಳುವ ಸ್ಥಿತಿಗೆ ಬಂದ ನಾವು, "ಮಳೆ ಬರಲಿಲ್ಲ, ಏನು ಮಾಡುವುದು" ಎಂದು ದೇವರ ಕಡೆಗೇ ಬೆರಳು ತೋರಿಸುತ್ತೇವಲ್ಲ, ಆ ಅಪ್ರಾಮಾಣಿಕತೆಯ ವಿರುದ್ಧ ಈ ಲೇಖನ.

ಸತ್ತ ನದಿಯ ಲೆಕ್ಕಪತ್ರ

ಬೆಂಗಳೂರಿಗೆ ತನ್ನದೇ ಆದ ನದಿಯೊಂದಿತ್ತು ಎಂಬುದು ಇಂದಿನ ಮಕ್ಕಳಿಗೆ ತಿಳಿದಿಲ್ಲ. ನಂದಿಬೆಟ್ಟದ ಸೀಮೆಯಲ್ಲಿ ಹುಟ್ಟಿ, ದೊಡ್ಡಬಳ್ಳಾಪುರ, ಹೆಸರಘಟ್ಟ, ತಿಪ್ಪಗೊಂಡನಹಳ್ಳಿ, ರಾಮನಗರ, ಕನಕಪುರಗಳನ್ನು ಹಾದು ಸಂಗಮದಲ್ಲಿ ಕಾವೇರಿಯನ್ನು ಕೂಡುವ ಅರ್ಕಾವತಿಯೇ ಆ ನದಿ. ದಿವಾನ್ ಶೇಷಾದ್ರಿ ಅಯ್ಯರ್ ಅವರ ಕಾಲದಲ್ಲಿ, 1890ರ ದಶಕದಲ್ಲಿ, ಹೆಸರಘಟ್ಟದಿಂದ ನಗರಕ್ಕೆ ಕೊಳವೆಯ ನೀರು ಬಂದಿತು. ಅದು ಸಾಲದಾದಾಗ ಅರ್ಕಾವತಿ ಮತ್ತು ಕುಮುದ್ವತಿ ಕೂಡುವ ಸ್ಥಳದಲ್ಲಿ, ತಿಪ್ಪಗೊಂಡನಹಳ್ಳಿಯ ಬಳಿ, 1933ರಲ್ಲಿ ಚಾಮರಾಜಸಾಗರ ಜಲಾಶಯ ಸಿದ್ಧವಾಯಿತು. 1974ರಲ್ಲಿ ಕಾವೇರಿಯ ಮೊದಲ ಹಂತದ ನೀರು ಬರುವವರೆಗೂ ಈ ನಗರದ ಬಾಯಾರಿಕೆಯನ್ನು ಮುಖ್ಯವಾಗಿ ತಣಿಸಿದವಳು ಅರ್ಕಾವತಿ. ನಮ್ಮ ಹಿರಿಯರ ಜ್ಞಾನಸ್ನಾನದ ನೀರೂ ಅವಳದೇ.

ಇಂದು ಅವಳ ಗತಿಯೇನು? ಹೆಸರಘಟ್ಟದ ಕೆರೆ 1994ರಲ್ಲಿ ಕೋಡಿ ಹರಿದ ಮೇಲೆ ಮತ್ತೆ ಕೋಡಿ ಹರಿದದ್ದು ಅತಿವೃಷ್ಟಿಯಾದ 2022ರಲ್ಲಿ. ತಿಪ್ಪಗೊಂಡನಹಳ್ಳಿಗೆ ಹರಿದುಬರುತ್ತಿದ್ದ ಅಲ್ಪಸ್ವಲ್ಪ ನೀರೂ ಕುಡಿಯಲು ಯೋಗ್ಯವಲ್ಲದಷ್ಟು ಕೆಟ್ಟುಹೋಗಿ, 2012ರಲ್ಲಿ ಅಲ್ಲಿಂದ ನಗರಕ್ಕೆ ಸರಬರಾಜು ನಿಂತುಹೋಯಿತು.

ಮಳೆ ಕಡಿಮೆಯಾಯಿತೇ? ಬೆಂಗಳೂರಿನ ಏಟ್ರೀ ಸಂಸ್ಥೆಯ ಸಂಶೋಧಕರು ಇದೇ ಪ್ರಶ್ನೆಯನ್ನು ಕೈಗೆತ್ತಿಕೊಂಡು 2015ರಲ್ಲಿ ತಮ್ಮ ಅಧ್ಯಯನವನ್ನು ಪ್ರಕಟಿಸಿದರು. ನದಿ ಒಣಗಿದ್ದಕ್ಕೆ ಮಳೆಯ ಕೊರತೆ ಕಾರಣವಲ್ಲ ಎಂಬುದೇ ಅವರು ಕಂಡುಕೊಂಡ ಮುಖ್ಯ ಸಂಗತಿ. ಕೊಳವೆಬಾವಿಗಳ ಮೂಲಕ ಅಂತರ್ಜಲವನ್ನು ಹೀರಿ ಆಳಕ್ಕೆ ಇಳಿಸಿದ್ದು, ಹೊಲಗಳನ್ನು ಬಿಟ್ಟು ನೀಲಗಿರಿ ತೋಪುಗಳನ್ನು ಬೆಳೆಸಿದ್ದು, ಹರಿವಿನ ದಾರಿಗಳಿಗೆ ಅಡ್ಡಗಟ್ಟೆಗಳನ್ನು ಹಾಕಿದ್ದು ಪ್ರಧಾನ ಕಾರಣಗಳು ಎಂದು ಅವರು ತೋರಿಸಿದರು. ಹಿಂದೆ ಹಳ್ಳದ ಬದಿಯ ಒರತೆಗಳು ಬೇಸಿಗೆಯಲ್ಲಿಯೂ ನದಿಗೆ ಜೀವ ತುಂಬುತ್ತಿದ್ದವು. ಅಂತರ್ಜಲ ನೂರಾರು ಅಡಿ ಕೆಳಗೆ ಇಳಿದಾಗ ಆ ಒರತೆಗಳು ಸತ್ತವು. ಬಿದ್ದ ಮಳೆಯನ್ನು ಒಣಗಿದ ನೆಲವೇ ಕುಡಿದುಬಿಡುತ್ತದೆ, ನದಿಯವರೆಗೆ ಏನೂ ತಲುಪುವುದಿಲ್ಲ. ದೇವರು ಕೊಡುವುದನ್ನು ನಿಲ್ಲಿಸಿಲ್ಲ. ಕೊಟ್ಟದ್ದು ಹರಿಯುವ ದಾರಿಯನ್ನು ನಾವು ಮುಚ್ಚಿದ್ದೇವೆ.

ಈಗ ಆ ದಾರಿಯಲ್ಲಿ ಹರಿಯುವುದು ಬೇರೆಯೇ. ಬಸವನಗುಡಿಯ ಬಸವನ ಪಾದದ ಬಳಿ ಹುಟ್ಟುತ್ತದೆ ಎಂದು ಜನ ಭಕ್ತಿಯಿಂದ ಹೇಳುತ್ತಿದ್ದ ವೃಷಭಾವತಿ ಇಂದು ನಗರದ ಕೊಳಚೆಯನ್ನು ಹೊತ್ತು ಬೈರಮಂಗಲದ ಕೆರೆಯ ಮೂಲಕ ಅರ್ಕಾವತಿಯನ್ನು ಸೇರುತ್ತಾಳೆ. ಮೇಲ್ಭಾಗದಲ್ಲಿ ದೊಡ್ಡಬಳ್ಳಾಪುರದ ಕಡೆ ಪಟ್ಟಣದ ಕೊಳಚೆ ಮತ್ತು ಕೈಗಾರಿಕಾ ಪ್ರದೇಶದ ತ್ಯಾಜ್ಯದಿಂದ ತಮ್ಮ ಕೆರೆಗಳು ಹಾಳಾದವೆಂದು ದೊಡ್ಡತುಮಕೂರು, ಮಜರಾ ಹೊಸಹಳ್ಳಿಯ ಜನ ಬೀದಿಗಿಳಿದು ಹೋರಾಡಿದ್ದಾರೆ. ಕೆಳಭಾಗದಲ್ಲಿ, ಕನಕಪುರದ ಆಚೆ, ಅರ್ಕಾವತಿಗೆ ಅಡ್ಡಲಾಗಿ ಕಟ್ಟಿದ ಹಾರೋಬೆಲೆ ಜಲಾಶಯವಿದೆ. ಹಾರೋಬೆಲೆಯ ಹೆಸರು ಕೇಳದ ಕನ್ನಡ ಕಥೋಲಿಕರು ವಿರಳ. ನಗರದ ನಮ್ಮ ಬಚ್ಚಲಿನ ನೀರು ಆ ದಂಡೆಯ ನಮ್ಮದೇ ಸಹೋದರರ ಹೊಲಗದ್ದೆಗಳ ಕಡೆಗೆ ಹರಿದುಹೋಗುತ್ತಿದೆ. ನೆರೆಯವರನ್ನು ನಿನ್ನಂತೆಯೇ ಪ್ರೀತಿಸು ಎಂಬ ಆಜ್ಞೆ ನದಿಯ ಕೆಳದಂಡೆಗೆ ಅನ್ವಯಿಸುವುದಿಲ್ಲವೇ?

"ಕಾವೇರಿ ಬರುತ್ತಾಳೆ ಬಿಡಿ"

ಇಷ್ಟು ಹೇಳುವಾಗ ಎದುರಾಗುವ ಮೊದಲ ಮಾತು ಇದು: "ಫಾದರ್, ಅರ್ಕಾವತಿ ಹೋದರೆ ಹೋಗಲಿ, ಕಾವೇರಿ ಇದ್ದಾಳಲ್ಲ." ವಿದ್ಯಾವಂತರೇ ಈ ಮಾತನ್ನು ಹೆಚ್ಚಾಗಿ ಆಡುತ್ತಾರೆ. ಸ್ವಲ್ಪ ಯೋಚಿಸೋಣ.

ಕಾವೇರಿಯ ನೀರು ಈ ನಗರಕ್ಕೆ ಸುಮಾರು ನೂರು ಕಿಲೋಮೀಟರ್ ದೂರದಿಂದ, ಸುಮಾರು ಐನೂರು ಮೀಟರ್ ಎತ್ತರಕ್ಕೆ ಏರಿ ಬರಬೇಕು. ತೊರೆಕಾಡನಹಳ್ಳಿ, ಹಾರೋಹಳ್ಳಿ, ತಾತಗುಣಿ, ಹೀಗೆ ಮೂರು ಕಡೆ ಭಾರಿ ಪಂಪುಗಳು ಹಗಲಿರುಳು ಅದನ್ನು ಮೇಲಕ್ಕೆ ದೂಡುತ್ತವೆ. 2024ರ ಅಕ್ಟೋಬರ್‌ನಲ್ಲಿ ಐದನೆಯ ಹಂತ ಆರಂಭವಾಗಿ, ನಗರಕ್ಕೆ ಸೇರಿದ 110 ಹಳ್ಳಿಗಳಿಗಾಗಿ ದಿನಕ್ಕೆ 775 ದಶಲಕ್ಷ ಲೀಟರ್ ನೀರು ಹೆಚ್ಚುವರಿಯಾಗಿ ಬರುವ ವ್ಯವಸ್ಥೆಯಾಯಿತು. ಆ ಬಡಾವಣೆಗಳ ತಾಯಂದಿರ ಕೊಡ ತುಂಬುವುದಾದರೆ ನಾನೂ ಸಂತೋಷಪಡುತ್ತೇನೆ. ಆದರೆ ಕಾವೇರಿಗೆ ಬೇರೆ ಮಕ್ಕಳೂ ಇದ್ದಾರೆ. ಮಂಡ್ಯದ ರೈತನೂ ತಂಜಾವೂರಿನ ರೈತನೂ ಅವಳನ್ನೇ ನಂಬಿದ್ದಾರೆ. ಸರ್ವೋಚ್ಚ ನ್ಯಾಯಾಲಯ 2018ರ ಫೆಬ್ರವರಿಯ ತೀರ್ಪಿನಲ್ಲಿ ಬೆಂಗಳೂರಿನ ಕುಡಿಯುವ ನೀರಿಗೆಂದೇ 4.75 ಟಿಎಂಸಿಯನ್ನು ಹೆಚ್ಚಿಸಿಕೊಟ್ಟಿತು. ಪ್ರತಿ ಹತ್ತು ವರ್ಷಕ್ಕೊಮ್ಮೆ ಕೈಚಾಚುತ್ತಾ ಹೋದರೆ ಅವಳಲ್ಲಿ ಕೊಡಲು ಏನು ಉಳಿದೀತು?

ಇನ್ನೊಂದು ಸಂಗತಿಯನ್ನು ನಾವು ಮರೆಯುತ್ತೇವೆ. ಅರ್ಕಾವತಿ ಕಾವೇರಿಯ ಉಪನದಿ. ಮಗಳ ಕತ್ತು ಹಿಸುಕಿ, "ತಾಯಿ ಇದ್ದಾಳೆ, ನಮಗೇನು ಚಿಂತೆ" ಎಂದಂತಾಯಿತು ನಮ್ಮ ಮಾತು. ಕಾವೇರಿಯಿಂದ ತಿಳಿನೀರನ್ನು ಎತ್ತಿಕೊಳ್ಳುತ್ತೇವೆ. ಅದರಲ್ಲಿ ಬಹುಪಾಲನ್ನು ಕೊಳಚೆ ಮಾಡಿ, ಒಂದಷ್ಟನ್ನು ವೃಷಭಾವತಿಗೂ ಅವಳಿಂದ ಅರ್ಕಾವತಿಗೂ ಬಿಟ್ಟು, ಸಂಗಮದಲ್ಲಿ ಕಾವೇರಿಗೇ ಹಿಂದಿರುಗಿಸುತ್ತೇವೆ. ಪ್ರವಾದಿ ಯೆಜೆಕಿಯೇಲನ ಗ್ರಂಥದ 34ನೆಯ ಅಧ್ಯಾಯವನ್ನು ಓದಿನೋಡಿ. ತಾವು ತಿಳಿನೀರನ್ನು ಕುಡಿದು, ಉಳಿದದ್ದನ್ನು ಕಾಲಿನಿಂದ ಕಲಕಿ, ಬಡಕಲು ಕುರಿಗಳಿಗೆ ಆ ಕೆಸರನ್ನೇ ಬಿಡುವ ಕೊಬ್ಬಿದ ಕುರಿಗಳನ್ನು ದೇವರು ಅಲ್ಲಿ ವಿಚಾರಣೆಗೆ ನಿಲ್ಲಿಸುತ್ತಾರೆ. ಎರಡೂವರೆ ಸಾವಿರ ವರ್ಷಗಳ ಹಿಂದಿನ ಆ ದೋಷಾರೋಪ ನಮ್ಮ ನಗರಕ್ಕೆಂದೇ ಬರೆದಂತಿದೆ.

ಕಾವೇರಿಯೂ ಸಾಲದೆಂದು ಈಗ ಪಶ್ಚಿಮ ಘಟ್ಟದತ್ತ ಹೊರಟಿದ್ದೇವೆ. ಸಕಲೇಶಪುರದ ಹಳ್ಳಗಳಿಂದ 24 ಟಿಎಂಸಿ ನೀರನ್ನು ಪೂರ್ವಕ್ಕೆ ತಿರುಗಿಸುವ ಎತ್ತಿನಹೊಳೆ ಯೋಜನೆಯ ಮೊದಲ ಹಂತ 2024ರ ಸೆಪ್ಟೆಂಬರ್‌ನಲ್ಲಿ ಉದ್ಘಾಟನೆಯಾಯಿತು. ಬಯಲುಸೀಮೆಯ ಬಾಯಾರಿಕೆ ನಿಜ, ಅದನ್ನು ನಾನು ಲಘುವಾಗಿ ಕಾಣುವುದಿಲ್ಲ. ಆದರೆ ಮನೆಯಂಗಳದ ಬಾವಿಗೆ ಕಸ ತುಂಬಿ, ಊರಾಚೆಯ ಬಾವಿಗೆ ಹಗ್ಗ ಹೊಸೆಯುವವನನ್ನು ನಮ್ಮ ಅಜ್ಜಿಯರು ಏನೆಂದು ಕರೆಯುತ್ತಿದ್ದರು?

"ಅಭಿವೃದ್ಧಿ ಬೇಡವೇ?"

ಎರಡನೆಯ ಆಕ್ಷೇಪಣೆ ಇದು. ತಿಪ್ಪಗೊಂಡನಹಳ್ಳಿಯ ಜಲಾನಯನ ಪ್ರದೇಶವನ್ನು ಉಳಿಸಲು ರಾಜ್ಯ ಸರ್ಕಾರವೇ 2003ರ ನವೆಂಬರ್‌ನಲ್ಲಿ ಅಧಿಸೂಚನೆ ಹೊರಡಿಸಿತು. ಜಲಾಶಯದ ಅಂಚಿನಿಂದ ಎರಡು ಕಿಲೋಮೀಟರ್, ಅರ್ಕಾವತಿ ಮತ್ತು ಕುಮುದ್ವತಿಯ ದಡಗಳಿಂದ ಒಂದು ಕಿಲೋಮೀಟರ್ ವರೆಗೆ ವಿಶೇಷ ನಿರ್ಬಂಧಗಳನ್ನು ಅದು ಹೇಳಿತ್ತು. ಒಳ್ಳೆಯ ಕಾನೂನು. ಹದಿನಾರು ವರ್ಷಗಳ ಬಳಿಕ, 2019ರಲ್ಲಿ, ಅದೇ ಕಾನೂನಿನ ಬಿಗಿಯನ್ನು ಸಡಿಲಿಸಲಾಯಿತು. ಜಲಾಶಯದಿಂದ ನೀರನ್ನೇ ಬಳಸುತ್ತಿಲ್ಲ, ಹಾಗಿರುವಾಗ ಕಾವಲೇಕೆ ಎಂದು ವಾದಿಸುವವರಿದ್ದಾರೆ. ಈ ವಾದದ ಕ್ರೌರ್ಯವನ್ನು ಗಮನಿಸಿ. ಮೊದಲು ನೀರನ್ನು ಕೆಡಿಸುವುದು, ಕೆಟ್ಟಿದೆಯೆಂದು ಬಳಕೆ ನಿಲ್ಲಿಸುವುದು, ಬಳಕೆಯಿಲ್ಲವೆಂದು ರಕ್ಷಣೆ ತೆಗೆಯುವುದು. ರೋಗಿಗೆ ವಿಷವಿಕ್ಕಿ, ಹಾಸಿಗೆ ಹಿಡಿದನೆಂದು ಔಷಧಿ ನಿಲ್ಲಿಸಿದಂತೆ.

ಮೇಲ್ಭಾಗದ ರೈತರ ಪರವಾಗಿಯೂ ಒಂದು ಮಾತು ಹೇಳಲೇಬೇಕು. ನಗರದ ನೀರಿಗಾಗಿ ಹಳ್ಳಿಯವನು ಮಾತ್ರ ತನ್ನ ನೆಲದ ಮೇಲೆ ಕಟ್ಟುಪಾಡು ಹೊರಬೇಕೆಂದರೆ ಅದು ನ್ಯಾಯವಲ್ಲ. ನೀಲಗಿರಿ ನೆಟ್ಟ ರೈತ ದುಷ್ಟನಲ್ಲ. ಆಳು ಸಿಗದೆ, ರಾಗಿಗೆ ಬೆಲೆ ಸಿಗದೆ, ಬೇರೆ ದಾರಿ ಕಾಣದೆ ನೆಟ್ಟಿದ್ದಾನೆ. 2017ರಲ್ಲಿ ಸರ್ಕಾರ ಹೊಸದಾಗಿ ನೀಲಗಿರಿ ನೆಡುವುದನ್ನು ನಿಷೇಧಿಸಿತು, ಸರಿ. ಆದರೆ ನಿಷೇಧದ ಜೊತೆಗೆ ಬದುಕಿನ ದಾರಿಯನ್ನೂ ತೋರಿಸಬೇಕು. ಅಮೆರಿಕದ ನ್ಯೂಯಾರ್ಕ್ ನಗರ ಈ ವಿಷಯದಲ್ಲಿ ಒಂದು ಪಾಠ ಕಲಿಸುತ್ತದೆ. ಬೃಹತ್ ಶುದ್ಧೀಕರಣ ಘಟಕ ಕಟ್ಟಲು ಕೋಟ್ಯಂತರ ಡಾಲರ್ ಸುರಿಯುವ ಬದಲು ಆ ನಗರ 1997ರಲ್ಲಿ ಕ್ಯಾಟ್‌ಸ್ಕಿಲ್ ಬೆಟ್ಟಸೀಮೆಯ ಊರುಗಳೊಡನೆ ಒಪ್ಪಂದ ಮಾಡಿಕೊಂಡಿತು. ಅಲ್ಲಿನ ಮನೆಗಳ ಶೌಚಗುಂಡಿಗಳ ದುರಸ್ತಿಗೆ, ಕೊಟ್ಟಿಗೆಗಳ ಗೊಬ್ಬರ ಹೊಳೆಗೆ ಸೇರದಂತೆ ತಡೆಯುವುದಕ್ಕೆ ಹಣ ಕೊಟ್ಟಿತು. ಮಾರಲು ಒಪ್ಪಿದವರಿಂದ ಮಾತ್ರ ಭೂಮಿ ಕೊಂಡಿತು. ನೀರು ಹುಟ್ಟುವ ಊರಿಗೆ ನೀರು ಕುಡಿಯುವ ಊರು ಋಣ ತೀರಿಸಿತು. ಕೆಡಿಸಿ ತೊಳೆಯುವುದಕ್ಕಿಂತ ಕೆಡದಂತೆ ಕಾಯುವುದು ಅಗ್ಗ ಎಂಬುದನ್ನು ವ್ಯಾಪಾರದಲ್ಲಿ ಪಳಗಿದ ಆ ನಗರವೇ ಲೆಕ್ಕ ಹಾಕಿ ಒಪ್ಪಿಕೊಂಡಿತು. ಹಾಗಾದರೆ ಅಭಿವೃದ್ಧಿಯ ವಿರೋಧಿಗಳು ಯಾರು? ಜಲಮೂಲ ಉಳಿಸಿ ಎನ್ನುವವರೋ, ಬಡಾವಣೆ ಮಾರಿದ ಮರುದಿನ ಟ್ಯಾಂಕರಿನ ದೂರವಾಣಿ ಸಂಖ್ಯೆ ಕೊಟ್ಟು ಹೋಗುವವರೋ?

2024ರ ಆ ಬೇಸಿಗೆಯಲ್ಲಿ ನಗರದ ಸುಮಾರು 14 ಸಾವಿರ ಸರ್ಕಾರಿ ಕೊಳವೆಬಾವಿಗಳಲ್ಲಿ ಅರ್ಧದಷ್ಟು ಬತ್ತಿವೆ ಎಂದು ಸರ್ಕಾರವೇ ಹೇಳಿತು. ಕುಡಿಯುವ ನೀರಿನಲ್ಲಿ ವಾಹನ ತೊಳೆದರೆ ಐದು ಸಾವಿರ ರೂಪಾಯಿ ದಂಡ ಎಂದು ಆದೇಶವಾಯಿತು. ದಂಡ ಸರಿಯೇ. ಆದರೆ ಕಾರು ತೊಳೆದವನಿಗೆ ಐದು ಸಾವಿರ ದಂಡವಾದರೆ, ಕೆರೆಯನ್ನೇ ನುಂಗಿದವನಿಗೆ ಎಷ್ಟು? ಕೆರೆಕುಂಟೆಗಳು ಸಮುದಾಯದ ಸ್ವತ್ತು, ಅವನ್ನು ಕಾಪಾಡುವುದು ಸರ್ಕಾರದ ಹೊಣೆ ಎಂದು ಸರ್ವೋಚ್ಚ ನ್ಯಾಯಾಲಯ 2001ರಲ್ಲೇ ಸಾರಿದೆ. ಅದಕ್ಕೂ ಹತ್ತು ವರ್ಷ ಮೊದಲು, 1991ರಲ್ಲಿ, ಮಾಲಿನ್ಯವಿಲ್ಲದ ನೀರು ಜೀವಿಸುವ ಹಕ್ಕಿನಲ್ಲೇ ಅಡಗಿದೆ ಎಂದಿತ್ತು. ನಮಗೆ ಕಾನೂನಿನ ಬಡತನವಿಲ್ಲ, ಮನಸ್ಸಿನ ಬಡತನವಿದೆ.

ನನ್ನ ಪಾಪನಿವೇದನೆ

ಇಷ್ಟು ಹೊತ್ತು ಸರ್ಕಾರವನ್ನೂ ನಗರವನ್ನೂ ದೂರಿದ ಈ ಗುರುವಿನ ಕೈ ಶುದ್ಧವಾಗಿದೆಯೇ ಎಂದು ನೀವು ಕೇಳಬಹುದು. ಇಲ್ಲ.

ಸುಮಾರು ಇಪ್ಪತ್ತು ವರ್ಷಗಳ ಹಿಂದೆ ನಾನು ಸೇವೆ ಸಲ್ಲಿಸುತ್ತಿದ್ದ ಧರ್ಮಕೇಂದ್ರದ ಅಂಗಳದಲ್ಲಿ ಕಲ್ಲಿನಿಂದ ಕಟ್ಟಿದ ಹಳೆಯ ಬಾವಿಯೊಂದಿತ್ತು. ಹಿಂದಿನ ಗುರುಗಳ ಕಾಲದಲ್ಲಿ ಇಡೀ ಕೇರಿ, ಜಾತಿ ಮತ ಕೇಳದೆ, ಅಲ್ಲಿಂದಲೇ ನೀರು ಸೇದುತ್ತಿತ್ತು. ಸುತ್ತಲೂ ಕೊಳವೆಬಾವಿಗಳು ಬಂದ ಮೇಲೆ ಬಾವಿಯ ತಳ ಕಂಡಿತು. ಹಬ್ಬದ ದಿನ ವಾಹನ ನಿಲ್ಲಿಸಲು ಜಾಗ ಸಾಲದೆಂದು ಪಾಲನಾ ಸಮಿತಿಯಲ್ಲಿ ಪ್ರಸ್ತಾಪ ಬಂದಾಗ, ಹಳೆಯ ಗುರುನಿವಾಸ ಕೆಡವಿದ ಕಲ್ಲುಮಣ್ಣನ್ನು ಬಾವಿಗೆ ಸುರಿದು ಅಂಗಳಕ್ಕೆಲ್ಲ ಕಾಂಕ್ರೀಟ್ ಹಾಕಿಸಲು ನಾನೇ ಒಪ್ಪಿಗೆ ಕೊಟ್ಟೆ. ಎಲ್ಲರೂ ಚಪ್ಪಾಳೆ ತಟ್ಟಿದರು. ಹೂ ಮಾರುತ್ತಿದ್ದ ಒಬ್ಬ ಅಜ್ಜಿ ಮಾತ್ರ ನನ್ನ ಬಳಿ ಬಂದು, "ಸ್ವಾಮ್ಯೋರೆ, ಬಾವಿ ಮುಚ್ಚಬ್ಯಾಡಿ. ಇವತ್ತು ಇಲ್ದಿದ್ರೆ ನಾಳೆ ಬಂದಾತು. ಗಂಗಮ್ಮ ಇದ್ದ ಜಾಗ ಅದು" ಅಂದರು. ಆ ಕೊನೆಯ ಮಾತಿನಲ್ಲಿದ್ದ ಹೆಸರನ್ನು ಹಿಡಿದುಕೊಂಡು ಅವರಿಗೆ ಮೃದುವಾಗಿ ಧರ್ಮೋಪದೇಶ ಮಾಡಿ ಕಳುಹಿಸಿದೆ. ಗುರುಮಠದಲ್ಲಿ ಎಂಟು ವರ್ಷ ದೈವಶಾಸ್ತ್ರ, ತತ್ವಶಾಸ್ತ್ರ ಕಲಿತ ನನಗೆ, ಅಕ್ಷರ ಬಾರದ ಆ ತಾಯಿ ಕಂಡದ್ದು ಕಾಣಲಿಲ್ಲ. ಮುಂದೆ ಆ ಧರ್ಮಕೇಂದ್ರದಲ್ಲಿ ಮೂರು ಕೊಳವೆಬಾವಿ ಕೊರೆಸಿದರೆಂದು ತಿಳಿಯಿತು. ಮೂರೂ ಬತ್ತಿವೆ. ಮಳೆಗಾಲದಲ್ಲಿ ಆ ಕಾಂಕ್ರೀಟ್ ಅಂಗಳದ ನೀರೆಲ್ಲ ರಸ್ತೆಗೆ ಹರಿದು, ಕೆಳಗಿನ ಬಡವರ ಮನೆಗಳಿಗೆ ನುಗ್ಗುತ್ತದೆಯಂತೆ.

ಆದಿಕಾಂಡದ 26ನೆಯ ಅಧ್ಯಾಯದಲ್ಲಿ, ಅಬ್ರಹಾಮ ತೋಡಿಸಿದ ಬಾವಿಗಳಿಗೆ ಫಿಲಿಷ್ಟಿಯರು ಅಸೂಯೆಯಿಂದ ಮಣ್ಣು ತುಂಬಿದ ಕಥೆಯಿದೆ. ಅವನ್ನು ಮತ್ತೆ ತೋಡಿಸಿದ ಮಗ ಇಸಾಕ, ತಂದೆಯಿಟ್ಟ ಹೆಸರುಗಳನ್ನೇ ಅವುಗಳಿಗೆ ಇಟ್ಟ. ಅಲ್ಲಿ ಮಣ್ಣು ತುಂಬಿದವರು ಹಗೆಗಳು. ಇಲ್ಲಿ ತುಂಬಿದವರು ಮಕ್ಕಳಾದ ನಾವೇ. ಸಮಾರಿಯದ ಸ್ತ್ರೀಯೊಡನೆ ಯೇಸುಸ್ವಾಮಿ ಮಾತನಾಡಿದ್ದು ಯಕೋಬನ ಬಾವಿಯ ಕಟ್ಟೆಯ ಮೇಲೆ. ಯಕೋಬನೂ ಅವನ ಮಕ್ಕಳೂ ದನಕುರಿಗಳೂ ಕುಡಿದ ಆ ಬಾವಿ ಶತಮಾನಗಳ ಬಳಿಕವೂ ಜೀವಂತವಾಗಿತ್ತು. ನಡುವೆ ಯಾವುದೋ ಒಂದು ತಲೆಮಾರು, ಬಂಡಿ ನಿಲ್ಲಿಸಲು ಜಾಗ ಬೇಕೆಂದು ಅದನ್ನು ಮುಚ್ಚಿದ್ದರೆ, ದಣಿದ ಪ್ರಭು ಎಲ್ಲಿ ಕೂರುತ್ತಿದ್ದರು? ಕುಡಿಯಲು ನೀರು ಕೊಡು ಎಂದು ಯಾರನ್ನು ಕೇಳುತ್ತಿದ್ದರು?

ನಾವು ಮಾಡಬೇಕಾದದ್ದು

"ನಾವು ಅಲ್ಪಸಂಖ್ಯಾತರು, ಈ ಗೊಡವೆ ನಮಗೇಕೆ" ಎನ್ನುವವರಿಗೆ ನನ್ನ ಉತ್ತರ ಇಷ್ಟೇ: ಬಾಯಾರಿಕೆ ಜನಗಣತಿ ನೋಡಿ ಬರುವುದಿಲ್ಲ. ಅಸಿಸಿಯ ಸಂತ ಫ್ರಾನ್ಸಿಸರು ನೀರನ್ನು ಸಹೋದರಿ ಎಂದು ಕರೆದರು. ಅದೇ ಹೆಸರನ್ನು ಹೊತ್ತ ದಿವಂಗತ ಜಗದ್ಗುರು ಫ್ರಾನ್ಸಿಸರು 2015ರ 'ಲೌದಾತೊ ಸಿ' ವಿಶ್ವಪತ್ರದಲ್ಲಿ, ಶುದ್ಧ ಕುಡಿಯುವ ನೀರು ಪ್ರತಿಯೊಬ್ಬ ಮನುಷ್ಯನ ಮೂಲಭೂತ ಹಕ್ಕು, ಬಡವರಿಗೆ ಅದನ್ನು ನಿರಾಕರಿಸುವುದು ಅವರ ಜೀವಿಸುವ ಹಕ್ಕನ್ನೇ ನಿರಾಕರಿಸಿದಂತೆ ಎಂದು ಬೋಧಿಸಿದರು. ನಮಗೆ ಇದು ಐಚ್ಛಿಕ ವಿಷಯವಲ್ಲ.

ಆದ್ದರಿಂದ, ಧರ್ಮಕೇಂದ್ರಗಳ ಕುಟುಂಬಗಳೇ, ಮೊದಲು ನಮ್ಮ ಅಂಗಳದಿಂದ ಆರಂಭಿಸೋಣ. ಬೆಂಗಳೂರಿನಲ್ಲಿ ವರ್ಷಕ್ಕೆ ಸರಾಸರಿ 900 ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುತ್ತದೆ. ಐನೂರು ಚದರ ಮೀಟರಿನ ದೇವಾಲಯದ ಛಾವಣಿಯೊಂದರ ಮೇಲೆ ಬೀಳುವ ನೀರೇ ವರ್ಷಕ್ಕೆ ನಾಲ್ಕೂವರೆ ಲಕ್ಷ ಲೀಟರ್. ಅದರಲ್ಲಿ ಒಂದು ಭಾಗ ಸೋರಿಹೋದರೂ ಉಳಿದದ್ದು ಎಷ್ಟೋ ಟ್ಯಾಂಕರುಗಳಿಗೆ ಸಮ. ಮಳೆನೀರು ಸಂಗ್ರಹವನ್ನು ನಗರದಲ್ಲಿ 2009ರ ತಿದ್ದುಪಡಿ ಕಡ್ಡಾಯ ಮಾಡಿದೆ. ನಮ್ಮ ದೇವಾಲಯ, ಶಾಲೆ, ಆಸ್ಪತ್ರೆ, ಕನ್ಯಾಮಠಗಳಲ್ಲಿ ಎಷ್ಟು ಈ ಕಾನೂನನ್ನು ಪಾಲಿಸಿವೆ ಎಂದು ಮುಂದಿನ ಸಭೆಯಲ್ಲಿ ನಿಮ್ಮ ಗುರುಗಳನ್ನು ಕೇಳಿ. ಅವರು ಬೇಸರಪಟ್ಟರೆ, ಈ ಲೇಖನವನ್ನು ತೋರಿಸಿ, ಹೊಣೆ ನನ್ನದು.

ಎರಡನೆಯದು, ಮುಚ್ಚಿದ ಬಾವಿಗಳನ್ನು ತೆರೆಸೋಣ, ತೆರೆದಿರುವವುಗಳ ಹೂಳು ತೆಗೆಸಿ ಛಾವಣಿಯ ನೀರನ್ನು ಸೋಸಿ ಅವಕ್ಕೆ ಬಿಡೋಣ. ಕಾಂಕ್ರೀಟ್ ಹಾಕಿದ ಅಂಗಳದಲ್ಲಿ ಅಲ್ಲಲ್ಲಿ ಇಂಗುಗುಂಡಿ ತೋಡಿಸೋಣ. ಹಬ್ಬದ ತೋರಣ, ಪಟಾಕಿ, ಧ್ವನಿವರ್ಧಕಗಳ ಖರ್ಚಿನಲ್ಲಿ ಒಂದು ಪಾಲು ಸಾಕು.

ಮೂರನೆಯದು, ಪ್ರತಿ ಧರ್ಮಕೇಂದ್ರವೂ ತನ್ನ ಎಲ್ಲೆಯೊಳಗಿನ ಕೆರೆ, ಕುಂಟೆ, ರಾಜಕಾಲುವೆಗಳ ಹೆಸರನ್ನು ಪಟ್ಟಿ ಮಾಡಲಿ. ಅವು ಯಾರ ಸುಪರ್ದಿಯಲ್ಲಿವೆ, ಒತ್ತುವರಿಯಾಗಿವೆಯೇ ಎಂಬುದನ್ನು ಮಾಹಿತಿ ಹಕ್ಕಿನಡಿ ಕೇಳಿ ತಿಳಿಯಲಿ. ನೆರೆಹೊರೆಯ ಹಿಂದೂ, ಮುಸಲ್ಮಾನ ಬಾಂಧವರೊಡನೆ ಸೇರಿ ಕೇಳಲಿ. ಗೆರಾರಿನ ಕುರುಬರೊಡನೆ ಎರಡು ಬಾವಿಗಳಿಗಾಗಿ ಜಗಳವಾದ ಬಳಿಕ, ಮೂರನೆಯ ಬಾವಿಯಲ್ಲಿ ಇಸಾಕನಿಗೆ ಜಗಳವಿಲ್ಲದ ಬಾಳು ದೊರೆಯಿತು. ಅದಕ್ಕೆ ಅವನು ರೆಹೋಬೋತ್ ಎಂದು ಹೆಸರಿಟ್ಟ. ಎಲ್ಲರಿಗೂ ಸ್ಥಳವಿದೆ ಎಂಬುದು ಅದರ ಭಾವ.

ನಾಲ್ಕನೆಯದು, ಮತ ಕೇಳಲು ಮನೆಬಾಗಿಲಿಗೆ ಬರುವವರನ್ನು ರಸ್ತೆ, ದೀಪಗಳ ಜೊತೆಗೆ ಇದನ್ನೂ ಕೇಳಿ: ತಿಪ್ಪಗೊಂಡನಹಳ್ಳಿಯ ರಕ್ಷಣೆಯನ್ನು ಮತ್ತೆ ಬಿಗಿಗೊಳಿಸುತ್ತೀರಾ? ವೃಷಭಾವತಿಗೆ ಸೇರುವ ಕೊಳಚೆಯನ್ನು ಪೂರ್ತಿಯಾಗಿ ಶುದ್ಧೀಕರಿಸುತ್ತೀರಾ? ಮೇಲ್ಭಾಗದ ರೈತನಿಗೆ ನಗರದ ಬೊಕ್ಕಸದಿಂದ ಏನು ಕೊಡುತ್ತೀರಿ?

ನಾನು ಬಾವಿ ಮುಚ್ಚಿಸಿದ ಧರ್ಮಕೇಂದ್ರದ ಈಗಿನ ಗುರುಗಳಿಗೆ ಕಳೆದ ತಿಂಗಳು ಪತ್ರ ಬರೆದಿದ್ದೇನೆ. ಆ ಬಾವಿ ಇದ್ದ ಜಾಗವನ್ನು ಗುರುತಿಸಿಕೊಡಲು ನಾನೇ ಬರುತ್ತೇನೆ, ಅಗೆಸುವ ಖರ್ಚಿನಲ್ಲಿ ನನ್ನ ಪಾಲನ್ನೂ ತರುತ್ತೇನೆ ಎಂದಿದ್ದೇನೆ. ಅಜ್ಜಿ ಈಗ ಇಲ್ಲ, ಅಲ್ಲೇ ಸಮಾಧಿಭೂಮಿಯಲ್ಲಿ ವಿಶ್ರಮಿಸುತ್ತಿದ್ದಾರೆ. ನೀರು ಸಿಕ್ಕರೆ ಮೊದಲ ಕೊಡವನ್ನು ಆ ಸಮಾಧಿಯ ಮೇಲಿನ ಗಿಡಕ್ಕೆ ಹಾಕಬೇಕೆಂದಿದ್ದೇನೆ. ನಿಮ್ಮ ಊರಿನಲ್ಲಿ ಮುಚ್ಚಿದ ಬಾವಿ ಎಲ್ಲಿದೆ? ಅದರ ಹೆಸರನ್ನು ನೆನಪಿಟ್ಟಿರುವ ಹಿರಿಯರು ಇನ್ನೂ ಬದುಕಿರುವಾಗಲೇ ಹೋಗಿ ಕೇಳಿಕೊಳ್ಳಿ.